ಫೋನು ಕೇಳಲಿ, ನಾವು ಹೇಳೋಣ

ಯೂರಿಯಾದ ಖಾಲಿ ಚೀಲ ಯಾವ ಕೃಷಿಕನ ಮನೆಯಲ್ಲಿಲ್ಲ ಹೇಳಿ? ಅದರಲ್ಲಿ ನಾವು ಸುಲಿದ ಅಡಿಕೆ ತುಂಬಿಸುತ್ತೇವೆ, ಕೊಬ್ಬರಿ ಕಟ್ಟಿಡುತ್ತೇವೆ, ತರಗೆಲೆ ಹೊರುತ್ತೇವೆ. ಮೇಲೆ ಯೂರಿಯಾ ಅಂತ ಬರೆದಿದೆಯೆಂದು ಬಾಯಿ ಬಿಚ್ಚದೆ ಯಾರೂ ತೆಂಗಿನ ಬುಡಕ್ಕೆ ಸುರಿಯುವುದಿಲ್ಲ. ಬಿಚ್ಚಿ ನೋಡಿ, ಬೇಕಾದರೆ ಕೈ ಹಾಕಿ, ಆಮೇಲೆ ಮುಂದಿನ ಮಾತು. ಇಷ್ಟು ಜಾಗ್ರತೆಯ ನಾವು ಮೊಬೈಲಿನೊಳಗೆ ಬಂದು ಬೀಳುವ ಫೈಲುಗಳ ವಿಷಯದಲ್ಲಿ ಯಾಕೆ ಕಣ್ಣು ಮುಚ್ಚಿಕೊಳ್ಳುತ್ತೇವೆ?

ನಾನು ಕಂಪ್ಯೂಟರ್ ಕಲಿತವನಲ್ಲ. ಮಣಿಪಾಲದಿಂದ ಹಿರಿಯಡ್ಕಕ್ಕೆ ಹೋಗುವ ದಾರಿಯ ಬದಿಯಲ್ಲಿ ಎರಡೂವರೆ ಎಕ್ರೆ ಅಡಿಕೆ, ಸ್ವಲ್ಪ ತೆಂಗು, ಕಾಳುಮೆಣಸು ಇಟ್ಟುಕೊಂಡವನು. ಆದರೂ ಈ ವಿಷಯ ಬರೆಯಲೇಬೇಕೆಂದು ಅನಿಸಿದ್ದಕ್ಕೆ ಎರಡು ಕಾರಣ ಉಂಟು. ಒಂದು ನನ್ನ ಪೆದ್ದುತನ, ಇನ್ನೊಂದು ನಮ್ಮ ಮನೆತನದವರಿಗೆ ಆದ ನಷ್ಟ.

ಒಂದು ಪಹಣಿ, ಆರು ಪ್ರತಿ

ಬೆಳೆವಿಮೆಗೆ ಪಹಣಿ ಬೇಕಿತ್ತು. ಹಿಂದಾದರೆ ಒಂದು ಕಾಗದಕ್ಕೆ ನಾಡಕಚೇರಿ, ತಾಲೂಕು ಕಚೇರಿ ಅಂತ ದಿನಗಟ್ಟಲೆ ಅಲೆಯಬೇಕು. ಈಗ ಜಗಲಿಯಲ್ಲಿ ಕೂತೇ ಇಳಿಸಿಕೊಳ್ಳಬಹುದು. ನಾನೂ ಡೌನ್‌ಲೋಡ್ ಒತ್ತಿದೆ. ಏನೂ ಕಾಣಲಿಲ್ಲ. ಮತ್ತೆ ಒತ್ತಿದೆ. ಹೀಗೆ ಐದು ಸಲ.

ಫೋನು ಸುಮ್ಮನೆ ಕೂತಿರಲಿಲ್ಲ. ಒತ್ತಿದಾಗಲೆಲ್ಲ ಒಂದೊಂದು ಪ್ರತಿ ಇಳಿಸಿ, ಒಂದೇ ಹೆಸರಿನ ಹಿಂದೆ ಆವರಣದಲ್ಲಿ 1, 2, 3 ಎಂದು ಅಂಕೆ ಹಾಕಿ ಡೌನ್‌ಲೋಡ್ ಫೋಲ್ಡರಿನಲ್ಲಿ ಪೇರಿಸಿಡುತ್ತಿತ್ತು. ಆ ರಾಶಿಯಲ್ಲಿ ಹಿಂದಿನ ವರ್ಷ ಇಳಿಸಿದ್ದೂ ಅದೇ ಹೆಸರಿನಲ್ಲಿ ಇತ್ತು. ಅಂಕೆ ಇಲ್ಲದ್ದೇ ಸರಿಯಾದದ್ದು ಅಂತ ತಿಳಿದು ನಾನು ಸೊಸೈಟಿಗೆ ಕಳಿಸಿದ್ದು ಅದನ್ನೇ!

ಕಾರ್ಯದರ್ಶಿಗಳು ಫೋನು ಮಾಡಿದರು. "ಏನು ಮಾರಾಯ್ರೆ, ಇದರಲ್ಲಿ ಭತ್ತ ಅಂತ ಉಂಟಲ್ಲ? ನಿಮ್ಮದು ಅಡಿಕೆ ಅಲ್ವಾ?"

ಗದ್ದೆಗೆ ಅಡಿಕೆ ಇಟ್ಟ ಮೇಲೆ ಪಹಣಿಯಲ್ಲಿ ಬೆಳೆ ಬದಲಾಗಿತ್ತು. ಹಳೆಯದರಲ್ಲಿ ಭತ್ತವೇ ಉಳಿದಿತ್ತು. ದಾಖಲೆಯಲ್ಲಿರುವ ಬೆಳೆಗೂ ವಿಮೆ ಮಾಡಿಸಿದ ಬೆಳೆಗೂ ತಾಳೆ ಬೀಳದಿದ್ದರೆ ಪರಿಹಾರಕ್ಕೆ ಕಲ್ಲು ಬಿತ್ತೆಂದೇ ಲೆಕ್ಕ. ಕಾರ್ಯದರ್ಶಿಗಳು ಕಣ್ಣು ಬಿಟ್ಟು ನೋಡಿದ್ದರಿಂದ ನಾನು ಬಚಾವ್.

ಫೋನು ಯಾಕೆ ಒಂದು ಮಾತೂ ಕೇಳಲಿಲ್ಲ? ತಂಗಿಯ ಮಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅವನನ್ನು ವಿಚಾರಿಸಿದೆ. "ಪ್ರತಿ ಸಲ ಕೇಳುವ ಕಿರಿಕಿರಿ ನಿಮಗೆ ಬೇಡ ಅಂತ ನಾನೇ ಹಾಗೆ ಮಾಡಿಟ್ಟದ್ದು, ಮಾವ" ಎಂದ. ಅವನ ಉದ್ದೇಶ ಒಳ್ಳೆಯದೇ. ಆದರೆ ಕೇಳುವ ಕಿರಿಕಿರಿ ತಪ್ಪಿಸಲು ಹೋಗಿ ನೋಡುವ ಅವಕಾಶವೂ ತಪ್ಪಿತು.

ಮಲ್ಲಿಗೆಯ ದುಡ್ಡು ಹೋದ ಕತೆ

ಎರಡನೆಯದು ನಗುವ ವಿಷಯವಲ್ಲ. ಶಂಕರಪುರದ ಕಡೆ ನಮ್ಮ ನೆಂಟರೊಬ್ಬರು ಮಲ್ಲಿಗೆ ಬೆಳೆಸುತ್ತಾರೆ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಕಟ್ಟಿ, ಅಟ್ಟೆ ಲೆಕ್ಕದಲ್ಲಿ ಮಾರಿ ಕೂಡಿಟ್ಟ ದುಡ್ಡು ಅವರದ್ದು. ಕಿಸಾನ್ ಸಮ್ಮಾನ್ ಕಂತು ನಿಲ್ಲುತ್ತದೆ, ವಿವರ ತುಂಬಿಸಿ ಎಂಬ ಸಂದೇಶ ಅವರಿಗೆ ಬಂತು. 2019ರಲ್ಲಿ ಶುರುವಾದ ಈ ಯೋಜನೆಯಲ್ಲಿ ವರ್ಷಕ್ಕೆ 6000 ರೂಪಾಯಿ, ಮೂರು ಕಂತು. ಕಂತು ನಿಲ್ಲುತ್ತದೆ ಎಂದರೆ ಯಾರಿಗೆ ಗಾಬರಿಯಾಗುವುದಿಲ್ಲ?

ಕೊಂಡಿ ಒತ್ತಿದರು. ಬ್ರೌಸರ್ ತೆರೆಯಿತು, ಒಂದು ಫೈಲು ಇಳಿಯಲು ಹೊರಟಿತು. ಇದರಿಂದ ತೊಂದರೆ ಆಗಬಹುದು, ಆದರೂ ಇಳಿಸಬೇಕಾ ಎಂದು ಬ್ರೌಸರ್ ಕೇಳಿತು. ಹೌದು ಎಂದರು. ಇಲ್ಲಿಂದ ಬಂದ ಆ್ಯಪ್ ಹಾಕಲು ಅನುಮತಿ ಇಲ್ಲ ಎಂದು ಫೋನು ಇನ್ನೊಮ್ಮೆ ತಡೆಯಿತು. ಅಷ್ಟರಲ್ಲಿ "ಇಲಾಖೆಯವರು" ಅಂತ ಒಬ್ಬ ಕರೆ ಮಾಡಿ, ಎಲ್ಲಿ ಒತ್ತಿ ಅನುಮತಿ ಕೊಡಬೇಕೆಂದು ನಯವಾಗಿ ಹೇಳಿಕೊಟ್ಟ. ಸಂಜೆಯೊಳಗೆ ಖಾತೆಯಿಂದ 18 ಸಾವಿರ ಹೋಗಿತ್ತು.

ಆ ಫೈಲಿನ ಹೆಸರಿನ ಕೊನೆಯಲ್ಲಿ ಇದ್ದದ್ದು ಎಪಿಕೆ ಎಂಬ ಮೂರಕ್ಷರ. ಅಂದರೆ ಅದು ಓದುವ ಕಾಗದವೇ ಅಲ್ಲ, ಫೋನಿನೊಳಗೆ ಕೂತು ಕೆಲಸ ಮಾಡುವ ಆ್ಯಪ್. ಬ್ಯಾಂಕಿನಿಂದ ಬರುವ ಓಟಿಪಿ ಸಂದೇಶವನ್ನು ನಮಗಿಂತ ಮೊದಲು ಅದೇ ಓದಿ ಕಳ್ಳನಿಗೆ ದಾಟಿಸುತ್ತದೆ. ಕಿಸಾನ್ ಸಮ್ಮಾನ್, ವಾಹನದ ದಂಡ, ಕೊನೆಗೆ ಮದುವೆ ಕಾಗದದ ಹೆಸರಿನಲ್ಲೂ ಇಂಥ ಎಪಿಕೆಗಳು ಹರಡುತ್ತಿವೆ ಎಂದು 2024-25ರಲ್ಲಿ ಹಲವು ರಾಜ್ಯಗಳ ಪೊಲೀಸರು ಎಚ್ಚರಿಸಿದ್ದರು. ಮದುವೆ ಕಾಗದ ಓದಲು ಹೊಸ ಆ್ಯಪ್ ಯಾಕೆ ಬೇಕು? ಇಷ್ಟು ಯೋಚಿಸಿದರೆ ಸಾಕಿತ್ತು. ಆದರೆ ಯೋಚಿಸಬೇಕಾದರೆ ಬಂದದ್ದು ಯಾವ ಜಾತಿಯ ಫೈಲು ಅಂತ ಗೊತ್ತಿರಬೇಕಲ್ಲ?

ಚೀಟಿಯೂ ಸುಳ್ಳು ಹೇಳಬಹುದು

ಅಳಿಯ ತಿಳಿಸಿಕೊಟ್ಟದ್ದು ಹೀಗೆ. ಯಾವುದೇ ಜಾಲತಾಣ ಫೈಲು ಕಳಿಸುವಾಗ ಜೊತೆಗೊಂದು ಚೀಟಿ ಕಳಿಸುತ್ತದೆ: ಇದು ಚಿತ್ರ, ಇದು ಪಿಡಿಎಫ್, ಇದು ಆ್ಯಪ್ ಅಂತ. 1992ರಲ್ಲಿ ಇ-ಮೇಲ್‌ಗಾಗಿ ಮಾಡಿದ ಕ್ರಮ ಇದು. ಆಮೇಲೆ ಬ್ರೌಸರಿಗೂ ಬಂತು. ಚೀಟಿ ಓದಿದ ಬ್ರೌಸರ್ ಮೂರರಲ್ಲಿ ಒಂದು ಮಾಡುತ್ತದೆ. ತಾನೇ ತೆರೆದು ತೋರಿಸುತ್ತದೆ, ಉಳಿಸಿಡುತ್ತದೆ, ಇಲ್ಲವೇ ಇನ್ನೊಂದು ಆ್ಯಪ್‌ಗೆ ದಾಟಿಸುತ್ತದೆ. ಯಾವ ಜಾತಿಗೆ ಯಾವುದು ಎಂದು ಬಹುಮಟ್ಟಿಗೆ ನಾವೇ ನಿಗದಿ ಮಾಡಬಹುದು. ನಾವು ಮಾಡದಿದ್ದರೆ ಕಂಪೆನಿ ಮಾಡಿಟ್ಟ ಹಾಗೆ ನಡೆಯುತ್ತದೆ.

ಅದೂ ಶಾಶ್ವತವಲ್ಲ. ಕಂಪ್ಯೂಟರಿನ ಫೈರ್‌ಫಾಕ್ಸ್ ಬ್ರೌಸರ್ ಮೊದಲು ತೆರೆಯಲೋ ಉಳಿಸಲೋ ಎಂದು ಕೇಳುತ್ತಿತ್ತು. 2022ರ ಮಾರ್ಚಿನಲ್ಲಿ ಬಂದ 98ನೇ ಆವೃತ್ತಿಯಿಂದ ಕೇಳದೆ ಇಳಿಸಿಡುವುದೇ ರೂಢಿಯಾಯಿತು. ಹಳೇ ಕ್ರಮ ಬೇಕಾದರೆ ನಾವೇ ಹುಡುಕಿ ಹಾಕಿಕೊಳ್ಳಬೇಕು.

ಇನ್ನು ಫೈಲಿನ ಹೆಸರು. ಚೀಲದ ಮೇಲಿನ ಅಕ್ಷರದಂತೆ ಅದನ್ನು ಯಾರು ಬೇಕಾದರೂ ಬರೆಯಬಹುದು. ವಿಂಡೋಸ್ ಕಂಪ್ಯೂಟರುಗಳಲ್ಲಿ ಹೆಸರಿನ ಬಾಲ ಸಾಮಾನ್ಯವಾಗಿ ಕಾಣದ ಹಾಗೆ ಇರುತ್ತದೆ. ಹಾಗಾಗಿ "ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ" ಎಂಬ ಕಳ್ಳ ಫೈಲು ಬರೀ "ಬಿಲ್ ಡಾಟ್ ಪಿಡಿಎಫ್" ಆಗಿ ಕಂಡು ಮೋಸ ಮಾಡುತ್ತದೆ. ಫೋಲ್ಡರ್ ತೆರೆದು ವ್ಯೂ, ಅದರೊಳಗೆ ಶೋ, ಅದರೊಳಗೆ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬಲ್ಲಿ ಗುರುತು ಹಾಕಿದರೆ ಬಾಲ ಕಾಣುತ್ತದೆ. ಬಾಲ ನೋಡದೆ ಹಗ್ಗವೆಂದು ಹಿಡಿಯುವುದು ಬೇಡ.

ನಾನು ಮಾಡಿಕೊಂಡದ್ದು

ಈಗ ನನ್ನ ಫೋನಿನಲ್ಲಿ ಮೂರು ಬದಲಾವಣೆ ಆಗಿದೆ.

ಒಂದು, ಕ್ರೋಮ್ ಬ್ರೌಸರಿನ ಮೇಲ್ಗಡೆ ಇರುವ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ಸ್‌ಗೆ ಹೋಗಿ, ಎಲ್ಲಿ ಉಳಿಸಬೇಕೆಂದು ಕೇಳುವ ಗುಂಡಿ ಆನ್ ಮಾಡಿದ್ದೇನೆ. ಈಗ ಫೈಲು ಇಳಿಯುವ ಮೊದಲು ಹೆಸರು ಕಾಣುತ್ತದೆ, ಬದಲಿಸಲೂ ಆಗುತ್ತದೆ. ಪಹಣಿಗೆ ಸರ್ವೆ ನಂಬ್ರ, ವರ್ಷ ಸೇರಿಸಿ ಹೆಸರಿಡುತ್ತೇನೆ. ಆರು ಪ್ರತಿಯ ಗೊಂದಲ ಮುಗಿಯಿತು.

ಎರಡು, ಆ್ಯಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ಎಂಬುದೊಂದು ಉಂಟು. ಫೋನಿನಿಂದ ಫೋನಿಗೆ ಜಾಗ ಬೇರೆ, ಸೆಟ್ಟಿಂಗ್ಸ್‌ನ ಹುಡುಕುವ ಕಿಂಡಿಯಲ್ಲಿ ಆ ಹೆಸರು ಹಾಕಿದರೆ ಸಿಗುತ್ತದೆ. ಅಲ್ಲಿ ಬ್ರೌಸರಿಗೂ ವಾಟ್ಸಾಪಿಗೂ ಅನುಮತಿ ಇಲ್ಲವೆಂದು ಖಾತ್ರಿ ಮಾಡಿದ್ದೇನೆ. ಆ್ಯಪ್ ಬೇಕೆಂದರೆ ಪ್ಲೇಸ್ಟೋರ್‌ನಿಂದ ಮಾತ್ರ. ಅಲ್ಲಿಗೂ ಕಳ್ಳರು ನುಸುಳುವುದುಂಟು, ಆದರೆ ಬೇಲಿ ಇಲ್ಲದ ತೋಟಕ್ಕಿಂತ ಬೇಲಿ ಇದ್ದದ್ದು ವಾಸಿ.

ಮೂರು, ಫೈಲು ತೆರೆಯುವಾಗ ಫೋನು "ಜಸ್ಟ್ ಒನ್ಸ್", "ಆಲ್ವೇಸ್" ಎಂದು ಕೇಳುತ್ತದೆ. ಒಮ್ಮೆ ಮಾತ್ರವೋ, ಯಾವಾಗಲೂವೋ ಅಂತ. ನಾನು ಒತ್ತುವುದು ಒಮ್ಮೆ ಮಾತ್ರ. ಒಂದು ದಿನದ ಕೂಲಿಗೆ ಬಂದವನ ಕೈಗೆ ಯಾರಾದರೂ ಮನೆಯ ಬೀಗದ ಕೈ ಕೊಡುತ್ತಾರೆಯೇ?

ಮಳೆಯಲ್ಲಿ, ಬೋರ್ಡೋ ಮೆತ್ತಿದ ಕೈಯಲ್ಲಿ ಇದೆಲ್ಲ ಯಾರಿಗೆ ಬೇಕು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯ ಉಂಟು. ಪ್ರತಿಯೊಂದಕ್ಕೂ ಕೇಳುತ್ತಾ ಇದ್ದರೆ ನಾವು ಓದದೆ ಹೌದು ಒತ್ತುವ ಅಭ್ಯಾಸಕ್ಕೆ ಬೀಳುತ್ತೇವೆ. ನಮ್ಮ ನೆಂಟರಿಗೆ ಆದದ್ದೂ ಅದೇ ಅಲ್ವಾ? ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ದಿನಾ ನೋಡುವ ಪಿಡಿಎಫ್, ಚಿತ್ರ ಬ್ರೌಸರಿನಲ್ಲೇ ತೆರೆದರೆ ತೆರೆಯಲಿ. ಎಪಿಕೆಗೆ ಮಾತ್ರ ಯಾವತ್ತೂ ಬಾಗಿಲಿಲ್ಲ. ನಡುವೆ ಉಳಿದ ಎಲ್ಲದಕ್ಕೂ ಫೋನು ಕೇಳಲಿ, ನಾವು ಓದಿ ಹೇಳೋಣ.

ಕಚೇರಿಯವರೂ ಸ್ವಲ್ಪ ಯೋಚಿಸಲಿ

ಎಲ್ಲ ಭಾರ ಕೃಷಿಕನ ತಲೆಗೆ ಹೊರಿಸುವುದೂ ನ್ಯಾಯವಲ್ಲ. ನಮಗೆ ಕಾಗದ ಕೊಡುವ ಇಲಾಖೆ, ಬ್ಯಾಂಕು, ವಿಮೆಯವರು ಡೌನ್‌ಲೋಡ್ ಎಂಬ ಒಂದೇ ಪದ ಬರೆದು ಕೈ ತೊಳೆದುಕೊಳ್ಳುತ್ತಾರೆ. ಅದರ ಪಕ್ಕದಲ್ಲಿ ಕನ್ನಡದಲ್ಲಿ "ಪಿಡಿಎಫ್, ಎರಡು ಪುಟ, ಇಷ್ಟು ಗಾತ್ರ" ಅಂತ ಒಂದು ಸಾಲು ಬರೆದರೆ ಏನು ಖರ್ಚು? ಅರ್ಜಿ ನಮೂನೆಯನ್ನು ನಮ್ಮ ಫೋನಿನಲ್ಲಿಲ್ಲದ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಹಾಗೇ ಏರಿಸಿದರೆ ನಮಗೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಿಚಡಿ. ಅದನ್ನೇ ಯೂನಿಕೋಡ್ ಕನ್ನಡದಲ್ಲಿ ಪಿಡಿಎಫ್ ಮಾಡಿ ಕೊಡಲಿ. ಎಲ್ಲಕ್ಕಿಂತ ಮುಖ್ಯ, ಆ್ಯಪ್ ಅನ್ನು ಸಂದೇಶದ ಕೊಂಡಿಯಲ್ಲಿ ಯಾವತ್ತೂ ಕಳಿಸುವುದಿಲ್ಲ ಎಂದು ಗ್ರಾಮಸಭೆಯಲ್ಲಿ ಬಾಯಿ ಬಿಟ್ಟು ಹೇಳಲಿ. ಆಗ ಕಳ್ಳ ಸುಲಭವಾಗಿ ಸಿಕ್ಕಿಬೀಳುತ್ತಾನೆ.

ದುಡ್ಡು ಹೋಗಿಯೇ ಬಿಟ್ಟರೆ ನಾಚಿಕೆಯಿಂದ ಬಾಯಿ ಮುಚ್ಚಿ ಕೂರಬೇಡಿ. ಕೂಡಲೇ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೆ ತಿಳಿಸಿ. ತಡವಾದಷ್ಟೂ ದುಡ್ಡು ಕೈಯಿಂದ ಕೈಗೆ ದಾಟುತ್ತದೆ. ನಮ್ಮ ನೆಂಟರು ಎರಡು ದಿನ ಮನೆಯವರಿಗೂ ಹೇಳಿರಲಿಲ್ಲ.

ಇವತ್ತು ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಫೋನು ಹಿಡಿದು ಕೂತುಕೊಳ್ಳಿ. ಮಕ್ಕಳು ಮನೆಯಲ್ಲಿದ್ದರೆ ಅವರನ್ನೂ ಕೂರಿಸಿ. ಮಾಡಿಕೊಟ್ಟರೆ ಸಾಲದು, ಎಲ್ಲಿ ಏನು ಒತ್ತಿದ್ದು ಎಂದು ತೋರಿಸಲು ಹೇಳಿ. ನಿಮಗೂ ಇಂಥ ಅನುಭವ ಆಗಿದ್ದರೆ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಒಬ್ಬನ ಪೆದ್ದುತನ ಹತ್ತು ಜನರನ್ನು ಉಳಿಸುವುದಾದರೆ ಅದಕ್ಕೂ ಒಂದು ಬೆಲೆ ಉಂಟು.