ಹಿಮ ಕುಸಿಯಲು ಕೂಗಬೇಕಿಲ್ಲ, ಏಪ್ರಿಲ್ ಬಿಸಿಲು ಸಾಕು

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಮನೆಮಂದಿಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಮನಾಲಿ, ಸಿಕ್ಕಿಂ ಪ್ಯಾಕೇಜ್‌ಗಳ ಜೊತೆಗೆ ಒಂದು ಫಾರ್ವರ್ಡ್ ಕೂಡ ಸುತ್ತಾಡುತ್ತದೆ: ‘ಹಿಮದ ಬೆಟ್ಟದಲ್ಲಿ ಜೋರಾಗಿ ಕೂಗಬೇಡಿ, ದನಿಗೆ ಹಿಮ ಕುಸಿಯುತ್ತದೆ.’ ಸಿನಿಮಾಗಳಲ್ಲಿ ನೋಡಿರುವುದರಿಂದ ನಾವು ಸುಲಭವಾಗಿ ನಂಬುತ್ತೇವೆ. ಆದರೆ ಇದು ನಿಜವಲ್ಲ. ನಮ್ಮ ದನಿ ಗಾಳಿಯಲ್ಲಿ ಹುಟ್ಟಿಸುವ ಒತ್ತಡ ಹಿಮದ ಪದರವನ್ನು ಕದಲಿಸಲು ಏನೇನೂ ಸಾಲದು. ರಸ್ತೆಯ ಸುರಕ್ಷತೆಗಾಗಿ ಬೇಕೆಂದೇ ಹಿಮ ಕೆಡವುವವರು ಸ್ಫೋಟಕ ಸಿಡಿಸುತ್ತಾರೆ. ಕೂಗಿದರೆ ಸಾಕಾಗಿದ್ದರೆ ಆ ಖರ್ಚು ಯಾರು ಮಾಡುತ್ತಿದ್ದರು?

ಸುಳ್ಳಾದರೂ ತೊಂದರೆಯಿಲ್ಲದ ಸಲಹೆ ಎನ್ನಿಸಬಹುದು. ತೊಂದರೆ ಇದೆ. ಬಾಯಿ ಮುಚ್ಚಿಕೊಂಡಿದ್ದರೆ ಸುರಕ್ಷಿತ ಎಂಬ ಹುಸಿ ಧೈರ್ಯವನ್ನು ಇದು ಕೊಡುತ್ತದೆ. ಚಾರಣಿಗರು ಮತ್ತು ಸ್ಕೀ ಮಾಡುವವರು ಸತ್ತ ಹಿಮಕುಸಿತಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಶುರುವಾಗಿದ್ದು ಅವರದೇ ಅಥವಾ ಅವರ ಗುಂಪಿನವರ ಮೈಭಾರದಿಂದ. ಗಟ್ಟಿ ಪದರದ ಕೆಳಗೆ ಸಡಿಲ ಪದರವಿದ್ದರೆ, ಇಳಿಜಾರಿನಲ್ಲಿ ಒಬ್ಬರು ಕಾಲಿಟ್ಟರೂ ಇಡೀ ಹಾಸು ಬಿರಿದು ಜಾರಬಹುದು.

ಪದದ ಗೊಂದಲವೂ ಇದೆ. ನಮ್ಮ ಪತ್ರಿಕೆಗಳು ಹಿಮ ಸುರಿಯುವುದಕ್ಕೂ, ಬೆಟ್ಟದಿಂದ ಕುಸಿದು ಬರುವುದಕ್ಕೂ ‘ಹಿಮಪಾತ’ ಎಂದೇ ಬರೆಯುವುದುಂಟು. ಮೊದಲನೆಯದನ್ನು ನೋಡಲು ಜನ ದುಡ್ಡು ಕೊಟ್ಟು ಹೋಗುತ್ತಾರೆ, ಎರಡನೆಯದು ಕೊಲ್ಲುತ್ತದೆ. ಇಲ್ಲಿ ‘ಹಿಮಕುಸಿತ’ ಎಂದಾಗಲೆಲ್ಲ ಎರಡನೆಯದೇ.

ಹಿಮಕುಸಿತ ಚಳಿಗಾಲದ ಅಪಾಯ, ಏಪ್ರಿಲ್ ಹೊತ್ತಿಗೆ ಮುಗಿದಿರುತ್ತದೆ ಎಂಬುದು ಇನ್ನೊಂದು ತಪ್ಪು ಕಲ್ಪನೆ. 2023ರ ಏಪ್ರಿಲ್ 4ರಂದು ಗ್ಯಾಂಗ್ಟಾಕ್‌ನಿಂದ ನಾಥು ಲಾ ಕಡೆಗೆ ಹೋಗುವ ರಸ್ತೆಯ ಬಳಿ ಹಿಮ ಕುಸಿದು 7 ಪ್ರವಾಸಿಗರು ಸತ್ತರು. 13ನೇ ಮೈಲಿಯವರೆಗಷ್ಟೇ ಪಾಸ್ ಇತ್ತು, ಅವರು 15ನೇ ಮೈಲಿಯ ತನಕ ಹೋಗಿದ್ದರು ಎಂದು ಅಧಿಕಾರಿಗಳು ಹೇಳಿದ್ದರು. ಪಾಸ್‌ನ ಮಿತಿ ಬರೀ ಸರ್ಕಾರಿ ಕಿರಿಕಿರಿ ಅಲ್ಲ.

ವಸಂತದಲ್ಲಿ ಆಗುವುದೇನು? ಹಗಲಿನ ಬಿಸಿಲಿಗೆ ಮೇಲಿನ ಹಿಮ ಕರಗುತ್ತದೆ. ನೀರು ಹರಳುಗಳ ನಡುವೆ ಕೆಳಕ್ಕೆ ಇಳಿದು ಅವುಗಳ ಹಿಡಿತವನ್ನು ಸಡಿಲಿಸುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮದ ಶಾಖ ಮೇಲಕ್ಕೆ ಹೋಗಿ, ಮೈ ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬೆಳಗಿನ ಜಾವ ಆ ಗಟ್ಟಿ ಪದರ ನಮ್ಮನ್ನು ಹೊರುತ್ತದೆ. ಬಿಸಿಲೇರಿದಂತೆ ಅದು ಮತ್ತೆ ಮೆತ್ತಗಾಗುತ್ತದೆ. ಆಮೇಲೆ ಯಾರೂ ಕಾಲಿಡದಿದ್ದರೂ ಒದ್ದೆ ಹಿಮ ತನ್ನಷ್ಟಕ್ಕೇ ಜಾರಬಹುದು. ವೇಗ ಕಡಿಮೆ, ಆದರೆ ತೂಕ ಬಹಳ, ನಿಂತ ಮೇಲೆ ಕಾಂಕ್ರೀಟಿನಂತೆ ಬಿಗಿಯುತ್ತದೆ.

ನಮಗೆ ವಿಚಿತ್ರವೆನಿಸುವ ವಿಷಯವೆಂದರೆ, ಮೋಡ ಕವಿದ ಬೆಚ್ಚಗಿನ ರಾತ್ರಿಯೇ ಹೆಚ್ಚು ಅಪಾಯಕಾರಿ. ಮೋಡ ಕಂಬಳಿಯಂತೆ ಶಾಖವನ್ನು ತಡೆಯುವುದರಿಂದ ಹಿಮ ಹೆಪ್ಪುಗಟ್ಟುವುದೇ ಇಲ್ಲ. ಹಿಮದ ಮೇಲೆ ಮಳೆ ಬಿದ್ದರಂತೂ ಇನ್ನೂ ಕೆಟ್ಟದ್ದು. ಅಂಥ ಬೆಳಿಗ್ಗೆ ಬೇಗ ಎದ್ದರೂ ಲಾಭವಿಲ್ಲ. ಇಳಿಜಾರು ಬಿಟ್ಟು ದೂರವಿರುವುದೇ ಸರಿ.

ದಿಕ್ಕೂ ಮುಖ್ಯ. ಪೂರ್ವಕ್ಕೆ ಮುಖಮಾಡಿದ ಇಳಿಜಾರಿಗೆ ಮೊದಲು ಬಿಸಿಲು ತಾಗುತ್ತದೆ, ನಂತರ ದಕ್ಷಿಣಕ್ಕೆ, ಸಂಜೆಗೆ ಪಶ್ಚಿಮಕ್ಕೆ. ನೆರಳಿನ ಉತ್ತರದ ಇಳಿಜಾರಿನಲ್ಲಿ ಚಳಿಗಾಲದ ಸಡಿಲ ಪದರ ವಸಂತದವರೆಗೂ ಉಳಿದಿರಬಹುದು. ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಶುರುವಾಗುತ್ತವೆ. ಮನೆಯ ಮೆಟ್ಟಿಲಿನ ಓಟವೂ ಹೆಚ್ಚುಕಡಿಮೆ ಅಷ್ಟೇ ಕಡಿದು, ಹಾಗಾಗಿ ನೋಡಿದರೆ ಭಯ ಹುಟ್ಟುವುದಿಲ್ಲ. ಅಳೆಯಲು ಫೋನಿನಲ್ಲೇ ಆ್ಯಪ್‌ಗಳಿವೆ. ಮೇಲೆ ಅಂಥ ಇಳಿಜಾರಿದ್ದರೆ ಕೆಳಗಿನ ಸಮತಟ್ಟು ಜಾಗವೂ ಫೋಟೋಕ್ಕೆ ನಿಲ್ಲುವ ಜಾಗವಲ್ಲ.

ಬೂಟು ಕಣಕಾಲು ದಾಟಿ ಹೂತುಕೊಳ್ಳುತ್ತಿದ್ದರೆ, ಮೇಲಿನಿಂದ ಹಿಮದ ಉಂಡೆಗಳು ತಾವಾಗಿ ಉರುಳುತ್ತಿದ್ದರೆ, ಕಾಲ ಕೆಳಗೆ ‘ಧುಪ್’ ಎಂದು ಹಿಮ ಕುಸಿದ ಸದ್ದಾದರೆ ವಾಪಸ್ ಬನ್ನಿ. ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಲಿ.

ಹಿಮದಡಿ ಆರು ದಿನ ಬದುಕಬಹುದು ಎಂದು ಕನ್ನಡಿಗರು ನಂಬಲು ಕಾರಣವಿದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹೂತುಹೋದ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು ದಿನಗಳ ನಂತರ ಜೀವಂತ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಜೊತೆಗಿದ್ದ ಒಂಬತ್ತು ಯೋಧರಲ್ಲಿ ಯಾರೂ ಉಳಿಯಲಿಲ್ಲ. ಅವರದು ಅಪರೂಪದಲ್ಲಿ ಅಪರೂಪ. ಸಾಮಾನ್ಯವಾಗಿ ಪೂರ್ತಿ ಹೂತವರಿಗಿರುವುದು ಮೊದಲ 10-15 ನಿಮಿಷ. ಅರ್ಧ ಗಂಟೆ ಕಳೆದರೆ ಬದುಕುವವರು ಕಡಿಮೆ, ಉಸಿರುಗಟ್ಟಿ ಸಾಯುವವರೇ ಹೆಚ್ಚು. ಅಷ್ಟರಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ, ಅಗೆಯಬೇಕಾದವರು ಪಕ್ಕದಲ್ಲಿರುವ ಗೆಳೆಯರೇ. ಅದಕ್ಕೆ ಪ್ರತಿಯೊಬ್ಬರ ಬಳಿಯೂ ಸಂಕೇತ ಕಳಿಸುವ ಟ್ರಾನ್ಸೀವರ್, ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು, ಸಲಿಕೆ ಮೂರೂ ಇರಬೇಕು, ಬಳಸಲು ಬರಬೇಕು. ಫೋನನ್ನು ಟ್ರಾನ್ಸೀವರ್‌ನಿಂದ ಕನಿಷ್ಠ 20 ಸೆಂಟಿಮೀಟರ್ ದೂರವಿಡಿ, ಹುಡುಕುವಾಗ 50. ಹತ್ತಿರವಿದ್ದರೆ ಸಂಕೇತ ಕೆಡುತ್ತದೆ.

ಚಂಡೀಗಢದಲ್ಲಿರುವ ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ ಹಿಮಾಲಯದ ಜಿಲ್ಲೆಗಳಿಗೆ ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ. ಮುಂಗಡ ಕಟ್ಟುವ ಮೊದಲು ಚಾರಣ ಸಂಸ್ಥೆಯವರನ್ನು ಕೇಳಿ: ಆ ಎಚ್ಚರಿಕೆ ನೋಡುತ್ತೀರಾ? ಕಣಿವೆ ದಾಟುವ ದಿನ ಬೆಳಿಗ್ಗೆ ಎಷ್ಟಕ್ಕೆ ಹೊರಡುತ್ತೇವೆ, ಎಷ್ಟರೊಳಗೆ ಇಳಿದಿರುತ್ತೇವೆ? ರಾತ್ರಿ ಹಿಮ ಗಟ್ಟಿಯಾಗದಿದ್ದರೆ ಏನು ಮಾಡುತ್ತೀರಿ? ‘ನೋಡೋಣ ಬಿಡಿ ಸರ್’ ಎಂದರೆ ಬೇರೆಯವರನ್ನು ಹುಡುಕಿ.