ಮುಂದೆ ಕೆಂಪು, ಹಿಂದೆ ‘ಗೀತಾ’

ಅಭಿಮಾನಿ ಮಿತ್ರರೇ, ಮೊದಲಿಗೆ ಒಂದು ಪ್ರಶ್ನೆ. ನಮ್ಮ ಹೀರೋ ಬೆಟ್ಟದ ತುದಿಯಲ್ಲಿ ನಿಂತು ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಾನಲ್ಲ, ಅದರ ವೈರು ಎಲ್ಲಿಗೆ ಹೋಗಿದೆ ಅಂತ ಯಾವತ್ತಾದರೂ ಹುಡುಕಿದ್ದೀರಾ? ನಾನು ಹುಡುಕಿದ್ದೇನೆ. ಸಿಗಲಿಲ್ಲ! ವೈರಿಲ್ಲ, ಸ್ಪೀಕರ್ ಡಬ್ಬವಿಲ್ಲ, ಸುತ್ತ ಒಂದು ಕರೆಂಟ್ ಕಂಬವೂ ಇಲ್ಲ. ಆದರೂ ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತದೆ. ಯಾಕೆಂದರೆ ಹೀರೋ ಕೈಲಿರೋ ಗಿಟಾರ್ ಕೇಳೋದಕ್ಕಲ್ಲ, ನೋಡೋದಕ್ಕೆ. ಅದಕ್ಕೆ ಬಣ್ಣವೇ ಪ್ರಾಣ.

ಈ ಗುಟ್ಟು ನಮ್ಮ ಹಿರೀಸಾವೆ ಹುಡುಗರಿಗೂ ಗೊತ್ತು. ಗಣೇಶನ ಹಬ್ಬಕ್ಕೆ ಡ್ಯಾನ್ಸ್ ಇಟ್ಟುಕೊಂಡಿದ್ದರು. “ಅಣ್ಣಾ, ನೀನು ಸಿನಿಮಾ ಪತ್ರಿಕೆಯವನು, ಒಂದು ಕೆಂಪು ಗಿಟಾರ್ ಹೊಂದಿಸಿಕೊಡು” ಅಂತ ತಿಂಗಳ ಮುಂಚೆಯೇ ಗಂಟುಬಿದ್ದರು. ಪಿಯುಸಿ ಅರ್ಧಕ್ಕೆ ಬಿಟ್ಟು, ಬರೆದಷ್ಟಕ್ಕೆ ಕಾಸು ಎಣಿಸಿಕೊಳ್ಳುವ ನನ್ನ ಹತ್ತಿರ ಗಿಟಾರ್ ಎಲ್ಲಿಂದ ಬರಬೇಕು? ಆಗ ನೆನಪಾದವರು ಸೋದರಮಾವ.

ಮಾವ ಒಂದು ಕಾಲಕ್ಕೆ ಹಾಸನದ ಕಡೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸಿದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ ಬೆರಳು ಮಾತು ಕೇಳುತ್ತಿಲ್ಲ. ಅವರ ಕಪ್ಪು ಗಿಟಾರ್ ಅಟ್ಟದ ಮೇಲೆ ಕೊಬ್ಬರಿ ಜೊತೆ ಮಲಗಿತ್ತು. ಕೇಳಿದ ಕೂಡಲೇ “ತಗೊಂಡ್ ಹೋಗ್ಲಾ, ಯಾವ ಬಣ್ಣ ಬೇಕಾದ್ರೂ ಬಳ್ಕೋ” ಅಂದರು. ಅಂದವರು ನನ್ನ ಮುಖ ನೋಡಲಿಲ್ಲ. ಅದನ್ನು ಅವತ್ತು ನಾನು ಗಮನಿಸಲಿಲ್ಲ.

ಸೀದಾ ಹೋದದ್ದು ಹೆದ್ದಾರಿ ಪಕ್ಕದ ಟಿಂಕರಿಂಗ್ ಗ್ಯಾರೇಜಿಗೆ. ಕಾರು, ವ್ಯಾನಿಗೆ ಸ್ಪ್ರೇ ಹೊಡೆಯುವ ಪೇಂಟರ್ ಅಣ್ಣ ಗಿಟಾರನ್ನು ಬೆರಳಲ್ಲಿ ತಟ್ಟಿ ನೋಡಿ ಹೇಳಿದ: “ಗಟ್ಟಿ ಮರ. ಡ್ಯೂಕೋ ಹೊಡಿ, ಸಾಕು.”

ಈ ‘ಡ್ಯೂಕೋ’ ಇದೆಯಲ್ಲ, ಇದು ಬರೀ ಗ್ಯಾರೇಜ್ ಭಾಷೆ ಅಂದುಕೊಂಡಿದ್ದೆ. ಅಲ್ಲ ಸ್ವಾಮಿ! ಅಮೆರಿಕದ ಡ್ಯುಪಾಂಟ್ ಕಂಪನಿ 1920ರ ದಶಕದಲ್ಲಿ ಕಾರುಗಳಿಗೆಂದು ತಂದ ಬಣ್ಣದ ಹೆಸರು ಅದು. ಅದಕ್ಕೆ ಮುಂಚೆ ಕಾರಿನ ಬಣ್ಣ ಒಣಗಲು ವಾರಗಟ್ಟಲೆ ಬೇಕಿತ್ತು. ಡ್ಯೂಕೋ ಬಂದ ಮೇಲೆ ಆ ಕೆಲಸ ದಿನಗಳಲ್ಲೇ ಮುಗಿಯತೊಡಗಿತು. ಕ್ಯಾಲಿಫೋರ್ನಿಯಾದ ಫೆಂಡರ್ ಗಿಟಾರ್ ಕಂಪನಿಯವರು ತಮ್ಮ ಗಿಟಾರುಗಳಿಗೂ ಇದೇ ಕಾರಿನ ಬಣ್ಣ ಹೊಡೆದರು. ಅವರ ಹೆಸರಾಂತ ‘ಫಿಯೆಸ್ಟಾ ರೆಡ್’ 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನ ಕೆಂಪು! ಇನ್ನು ಎಡ್ಡಿ ವ್ಯಾನ್ ಹೇಲನ್ ಎಂಬ ಮಹಾಶಯ, ಮೈಕೇಲ್ ಜಾಕ್ಸನ್ನನ 1982ರ ‘ಬೀಟ್ ಇಟ್’ಗೆ ಗಿಟಾರ್ ನುಡಿಸಿದವನು, ತನ್ನ ಗಿಟಾರಿಗೆ ಟೇಪ್ ಸುತ್ತಿ ಸೈಕಲ್ಲಿಗೆ ಹೊಡೆಯುವ ಬಣ್ಣವನ್ನು ತಾನೇ ಹೊಡೆದುಕೊಂಡ. 2020ರಲ್ಲಿ ಅವನು ತೀರಿಕೊಂಡ ಮೇಲೂ ಆ ಪಟ್ಟೆಪಟ್ಟೆ ಗಿಟಾರಿಗೆ ಜಗತ್ತೆಲ್ಲ ಅಭಿಮಾನಿಗಳು. ಅಂದಮೇಲೆ ಹಿರೀಸಾವೆ ಗ್ಯಾರೇಜಿಗೆ ನಾಚಿಕೆ ಯಾಕೆ?

ಪೇಂಟರ್ ಅಣ್ಣ ಪಾಠ ಶುರು ಮಾಡಿದ. ನಿಮಗೂ ಬೇಕಾಗಬಹುದು, ಕೇಳಿಸಿಕೊಳ್ಳಿ. ತಂತಿ, ಕುತ್ತಿಗೆ, ಬಿರಡೆ, ಪಿಕಪ್ಪು ಎಲ್ಲ ಬಿಚ್ಚಬೇಕು. ವೈರು ಕೀಳುವ ಮುಂಚೆ ಫೋನಿನಲ್ಲಿ ಒಂದು ಫೋಟೋ, ಇಲ್ಲವಾದರೆ ಮತ್ತೆ ಜೋಡಿಸುವಾಗ ದೇವರೇ ಗತಿ. ಕುತ್ತಿಗೆ ಕೂರುವ ಗುಳಿಗೆ ಟೇಪ್ ಅಂಟಿಸಬೇಕು. ಅಲ್ಲಿ ಬಣ್ಣ ದಪ್ಪವಾದರೆ ಕುತ್ತಿಗೆ ಸರಿಯಾಗಿ ಕೂರುವುದಿಲ್ಲ. ಹಳೇ ಬಣ್ಣ ಗಟ್ಟಿಯಾಗಿದ್ದರೆ ಮರದವರೆಗೆ ಕೆರೆಯುವುದು ಬೇಡ, ಹೊಳಪು ಹೋಗುವಷ್ಟು ಉಪ್ಪುಕಾಗದದಲ್ಲಿ ಉಜ್ಜಿದರೆ ಸಾಕು. 220ರ ಕಾಗದದಿಂದ ಶುರು, ತಗ್ಗಿಗೆ ಪುಟ್ಟಿ, ಆಮೇಲೆ 320, ಪ್ರೈಮರ್, 400. ಇಷ್ಟಾದ ಮೇಲೆ ಬಣ್ಣದ ಮಾತು. ಇದೆಲ್ಲ ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರಿಗೆ ಮಾತ್ರ. ಅದರಲ್ಲಿ ತಂತಿಯ ಕಂಪನ ಹಿಡಿಯೋದು ಪಿಕಪ್ಪು, ಬಣ್ಣದಿಂದ ದನಿಗೆ ಅಂಥ ನಷ್ಟವಿಲ್ಲ. ಹೊಟ್ಟೆ ಟೊಳ್ಳಿರುವ ಗಿಟಾರಿನ ಮೇಲುಹಲಗೆಗೆ ದಪ್ಪ ಬಣ್ಣ ಬಳಿದಿರೋ, ದನಿ ಉಸಿರುಗಟ್ಟುತ್ತದೆ, ಹುಷಾರ್!

ಹಿತ್ತಲಲ್ಲಿ ಕೂತು ಉಜ್ಜತೊಡಗಿದೆ. ಮುಂಭಾಗ ಮುಗಿಸಿ ಗಿಟಾರ್ ಮಗುಚಿ ಹಾಕಿದೆ. ನಾಲ್ಕು ಸಲ ಉಜ್ಜಿರಬೇಕು, ಕಪ್ಪಿನ ಅಡಿಯಿಂದ ಹಳದಿ ಎದ್ದಿತು. ಇನ್ನೆರಡು ಉಜ್ಜು... ಅಕ್ಷರ! ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಒಂದು ಗೆರೆ ಪುಡಿಯಾಗಿ ನನ್ನ ಕಾಗದಕ್ಕೆ ಬಂದಿತ್ತು. ಮೆಲ್ಲಗೆ ಸುತ್ತಲ ಕಪ್ಪು ಬಿಡಿಸಿದೆ. ‘ಗಿತಾ’. ‘ಗೀ’ಯ ದೀರ್ಘ ನನ್ನ ಕೈಯಲ್ಲೇ ಅಳಿದುಹೋಗಿತ್ತು.

ಯಾವ ಹುಡುಗಿಯೋ ಏನೋ, ಅತ್ತೆಯ ಹೆಸರಂತೂ ಅದಲ್ಲ! ಸಂಜೆ ಅತ್ತೆ ಇಲ್ಲದ ಹೊತ್ತು ನೋಡಿ ಕೇಳಿದೆ. ಮಾವ ಜೋರಾಗಿ ನಕ್ಕರು.

“ಹುಡ್ಗಿ ಅಲ್ಲ ಕಣ್ಲಾ, ಪಿಚ್ಚರ್ರು!”

1981ರ ‘ಗೀತಾ’. ಶಂಕರ್‌ನಾಗ್ ತಾನೇ ನಿರ್ದೇಶಿಸಿ, ಹಾಡುಗಾರನ ಪಾತ್ರ ಮಾಡಿದ ಚಿತ್ರ. ಸಂಗೀತ ಇಳಯರಾಜ. ಮಾವನಿಗಾಗ ಇಪ್ಪತ್ತು. ಆ ಹಾಡುಗಳಿಲ್ಲದೆ ಯಾವ ಊರಲ್ಲೂ ಆರ್ಕೆಸ್ಟ್ರಾ ಮುಗಿಯುತ್ತಿರಲಿಲ್ಲವಂತೆ. ಲಾರಿಗಳಿಗೆ ಹೆಸರು ಬರೆಯುವವನಿಗೆ ಕಾಸು ಕೊಟ್ಟು, ಹಳದಿ ಎನಾಮಲ್‌ನಲ್ಲಿ ಬರೆಸಿಕೊಂಡಿದ್ದರು. ಆಮೇಲೆ 1990ರ ಸೆಪ್ಟೆಂಬರ್ 30. ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಕಾರು ಅಪಘಾತ. ಶಂಕರ್‌ನಾಗ್‌ಗೆ ಮೂವತ್ತೈದೇ ವರ್ಷ.

“ಆ ವಾರಾನೇ ಕಪ್ಪು ಬಳಿದ್ಬುಟ್ಟೆ. ನೋಡಕ್ಕಾಗ್ತಿರ್ಲಿಲ್ಲ” ಅಂದರು ಮಾವ.

“ಈಗೇನ್ ಮಾಡ್ಲಿ ಮಾವ? ಅಳಿಸ್ಲಾ?”

“ನಿಂಗ್ ಬಿಟ್ಟಿದ್ದು.”

ಗೆಳೆಯರೇ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದು ರಾತ್ರಿ ಒಂದು ವಿಷಯ ತಲೆ ಕೊರೆಯಿತು. ಇಳಯರಾಜ ಹೆಸರು ಮಾಡುವ ಮುಂಚೆ ನಮ್ಮ ಜಿ.ಕೆ. ವೆಂಕಟೇಶ್ ಅವರ ತಂಡದಲ್ಲಿ ಸಹಾಯಕರಾಗಿ, ಗಿಟಾರ್ ನುಡಿಸುತ್ತ ದುಡಿದವರು. ಆಗ ತೆರೆಯ ಮೇಲೆ ಹೀರೋ ಮುಖ ಕಂಡಿತೇ ಹೊರತು ತಂತಿ ಮೀಟಿದ ಕೈ ಯಾರಿಗೆ ಕಂಡಿತು? ಗಿಟಾರಿನ ಮುಂಭಾಗ ಹೀರೋನದ್ದು. ಹಿಂಭಾಗ ನುಡಿಸುವವನ ಹೊಟ್ಟೆಗೆ ಅಂಟಿಕೊಂಡಿರುವುದು, ಅವನದ್ದೇ. ತೀರ್ಮಾನ ಆಗಿಹೋಯಿತು: ಮುಂದೆ ಕೆಂಪು, ಹಿಂದೆ ‘ಗೀತಾ’.

ಪೇಂಟರ್ ಅಣ್ಣ ತಲೆ ಕೆರೆದುಕೊಂಡ. “ಎನಾಮಲ್ ಮೇಲೆ ಡ್ಯೂಕೋ ಬಿದ್ರೆ ಥಿನ್ನರ್ರು ಹಳೇ ಬಣ್ಣಾನ ಎಬ್ಬಿಸ್ಬಿಡ್ತದೆ. ಸುಕ್ಕು ಬಂದ್ರೆ ಅಕ್ಷರ ಹೋಯ್ತು. ಅದರ ಮೇಲೆ ಕ್ಲಿಯರ್ ಕೂಡ ಹೊಡೀಬೇಡ.” ಸರಿ, ಹಿಂಭಾಗಕ್ಕೆ ಎರಡು ಪದರ ಪೇಪರು, ಅಂಚಿಗೆ ಟೇಪು. ಒಳಗೆ ಸುತ್ತಿದ್ದು ನಮ್ಮ ಪತ್ರಿಕೆಯ ಹಳೇ ಸಂಚಿಕೆ ಅಂತ ಸಂಪಾದಕರಿಗೆ ಹೇಳಬೇಡಿ!

ಮೊದಲ ದಿನ ಆತುರಗೆಟ್ಟೆ. ಒಂದೇ ಸಲಕ್ಕೆ ಕೆಂಪಾಗಲಿ ಅಂತ ಸ್ಪ್ರೇ ಡಬ್ಬಿಯನ್ನು ಹತ್ತಿರ ಹಿಡಿದು ಒತ್ತಿದೆ. ಬಣ್ಣ ಮೇಣದಬತ್ತಿಯ ಹಾಗೆ ಇಳಿಯಿತು. ಸಾಲದ್ದಕ್ಕೆ ಗಾಳಿ ಬೀಸಿ ತೆಂಗಿನ ನಾರಿನ ಧೂಳೆಲ್ಲ ಅಂಟಿತು. ಒಣಗಲು ಬಿಟ್ಟು, ಉಜ್ಜಿ, ಮತ್ತೆ ಮೊದಲಿಂದ. ಒಂದು ಗೇಣು ದೂರ ಹಿಡಿಯಬೇಕು. ಗಿಟಾರಿನ ಆಚೆಯೇ ಒತ್ತಲು ಶುರುಮಾಡಿ, ಈ ಕಡೆ ದಾಟಿದ ಮೇಲೆ ಬಿಡಬೇಕು. ಒಂದೊಂದು ಸಲವೂ ತೆಳುವಾಗಿ, ನಡುವೆ ಒಣಗಲು ಹೊತ್ತು. ಮಳೆ ಮೋಡ ಇದ್ದರೆ ಕೈಯೇ ಹಾಕಬೇಡಿ, ತೇವಕ್ಕೆ ಡ್ಯೂಕೋ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಬಚ್ಚಲೊಲೆ, ಬೀಡಿ, ಸಿಗರೇಟು ಹತ್ತಿರ ಬೇಡವೇ ಬೇಡ, ಆ ಹಬೆಗೆ ಭಗ್ಗನೆ ಬೆಂಕಿ ಹತ್ತುತ್ತದೆ. ಬಯಲಲ್ಲೇ ಹೊಡೆಯಿರಿ. ಮೂಗಿಗೆ ಕರ್ಚೀಫು ಸಾಲದು, ಇದ್ದಿಲ ಫಿಲ್ಟರಿನ ಮಾಸ್ಕ್ ಬೇಕು. ಕೊನೆಗೆ ಕ್ಲಿಯರ್. ಅದು ದಿನಗಟ್ಟಲೆ ಗಟ್ಟಿಯಾದ ಮೇಲೆ 1000, 1500, 2000ರ ವಾಟರ್ ಪೇಪರ್, ಕಾಂಪೌಂಡ್ ಹಾಕಿ ಉಜ್ಜು. ಒಟ್ಟು ಲೆಕ್ಕ ಹಾಕಿದರೆ ಬಣ್ಣ ಹೊಡೆದದ್ದು ಒಂದು ಗಂಟೆಯೂ ಇಲ್ಲ, ಉಜ್ಜಿದ್ದು, ಕಾದದ್ದೇ ಇಪ್ಪತ್ತು ದಿನ.

ಹಬ್ಬದ ರಾತ್ರಿ ಹುಡುಗ ವೇದಿಕೆ ಏರಿದ. ಎಂದಿನಂತೆ ವೈರಿಲ್ಲ! ಲೈಟಿಗೆ ಕೆಂಪು ಫಳಫಳ. ಮಾವ ಮುಂದಿನ ಸಾಲಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ದರು. ಹಾಡಿನ ಕೊನೆಗೆ ಹುಡುಗ ಗರ್ರನೆ ತಿರುಗಿ ಗಿಟಾರ್ ಮಗುಚಿ ಮೇಲೆತ್ತಿದ. ಹಳದಿ ಅಕ್ಷರ ಕಂಡದ್ದೇ ಹಿಂದಿನಿಂದ ಯಾರೋ ಆಟೋ ಅಣ್ಣ “ಶಂಕ್ರಣ್ಣಾ...!” ಅಂತ ಕೂಗಿದ. ಆಮೇಲೆ ಬಿತ್ತು ನೋಡಿ ಶಿಳ್ಳೆ! ಮಾವ ಟವೆಲಲ್ಲಿ ಮುಖ ಒರೆಸಿಕೊಂಡರು. ಬೆವರೋ ಏನೋ, ನಾನು ಕೇಳಲಿಲ್ಲ.

ಬೆಳಿಗ್ಗೆ ಗಿಟಾರ್ ವಾಪಸ್ ಕೊಡಲು ಹೋದೆ. ಮಾವ ಮುಂಭಾಗ ನೋಡಲೇ ಇಲ್ಲ, ಮಗುಚಿ ಹಾಕಿದರು. “ದೀರ್ಘ ತಿಂದಾಕ್‌ಬುಟ್ಟಿದ್ದೀಯಲ್ಲೋ! ಪಿಯುಸಿ ಬಿಟ್ಟವನು ಅನ್ನೋದು ಎಲ್ಲಾರ್ಗೂ ಗೊತ್ತಾಗ್ಲಿ ಅಂತಾನಾ?”

ಅಂಗಡಿಯಿಂದ ಚಿಕ್ಕ ಡಬ್ಬಿ ಹಳದಿ ಎನಾಮಲ್ ತಂದೆ. ಬ್ರಷ್ ಮಾತ್ರ ನನಗೆ ಕೊಡಲಿಲ್ಲ. ಗಿಟಾರನ್ನು ನಾನು ಅಲುಗದಂತೆ ಹಿಡಿದೆ. ಮಾವ ಬಲಗೈಯಲ್ಲಿ ನಿಧಾನವಾಗಿ, ಉಸಿರು ಬಿಗಿಹಿಡಿದು ದೀರ್ಘ ಎಳೆದರು. ಗೆರೆ ಸ್ವಲ್ಪ ಸೊಟ್ಟ. ಇರಲಿ.

“ಒಣಗ್ಲಿ. ಆಮೇಲೆ ತಂತಿ ಹಾಕು” ಅಂದರು.

ಮಿತ್ರರೇ, ಆ ಬಣ್ಣ ಇನ್ನೂ ಒಣಗುತ್ತಿದೆ. ತಂತಿ ತಂದಿಟ್ಟಿದ್ದೇನೆ. ಈ ಸಲ ವೈರೂ ತಂದಿದ್ದೇನೆ!

ಮುಂದಿನ ವಾರ ಇದೇ ಪುಟದಲ್ಲಿ ಸಿಗೋಣ. ಬರ್ಲಾ?