ನಡುಹಾದಿಯ ಲೆಕ್ಕ

ಉತ್ತರ ಅಮೆರಿಕದಲ್ಲಿ ಜನವರಿ ತಿಂಗಳು ಕಾಲಿಟ್ಟಿತೆಂದರೆ ಕ್ರೀಡಾವಿಮರ್ಶಕರಿಗೆ ಸುಗ್ಗಿಯ ಕಾಲ. ಅಕ್ಟೋಬರಿನಲ್ಲಿ ಆರಂಭವಾದ ನ್ಯಾಷನಲ್ ಹಾಕಿ ಲೀಗಿನ ಪಂದ್ಯಗಳು ಆ ವೇಳೆಗೆ ಅರ್ಧ ದಾರಿಯನ್ನು ಸವೆಸಿರುತ್ತವೆ. ಯಾವ ತಂಡ ಮೇಲೆ, ಯಾವ ತಂಡ ಕೆಳಗೆ, ಯಾವ ತರಬೇತುದಾರನ ಕುರ್ಚಿ ಅಲುಗಾಡುತ್ತಿದೆ, ಯಾವ ಆಟಗಾರನನ್ನು ಬಿಟ್ಟುಕೊಟ್ಟರೆ ಲಾಭ ಎಂಬ ಚರ್ಚೆ ಪತ್ರಿಕೆಗಳ ತುಂಬ ಹಬ್ಬುತ್ತದೆ. ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶ ಬಂದ ದಿನ ಮನೆಮನೆಯಲ್ಲಿ ನಡೆಯುವ ವಿಚಾರಣೆಯಂತೆಯೇ ಇದೂ ಒಂದು ವಿಚಾರಣೆ. ಅದರಲ್ಲಿ ಸತ್ಯವೆಷ್ಟು, ಅವಸರವೆಷ್ಟು ಎಂಬುದನ್ನು ತಿಳಿಯಲು 2018-19ರ ಋತುವಿಗಿಂತ ಒಳ್ಳೆಯ ಒರೆಗಲ್ಲು ದೊರೆಯುವುದು ಕಷ್ಟ.

ಹಾಕಿ ಎಂದೊಡನೆ ಕನ್ನಡ ವಾಚಕರ ಕಣ್ಣೆದುರಿಗೆ ಬರುವುದು ಕೊಡಗಿನ ಮೈದಾನ. ಈ ಹಾಕಿಯೇ ಬೇರೆ. ಇಲ್ಲಿ ನೆಲವೆಂದರೆ ಗಾಜಿನಂತೆ ನುಣುಪಾದ ಮಂಜುಗಡ್ಡೆ. ಚೆಂಡಿನ ಬದಲು ‘ಪಕ್’ ಎಂಬ ರಬ್ಬರಿನ ಬಿಲ್ಲೆ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟು ಕಟ್ಟಿದ ಆರಾರು ಮಂದಿ, ಗೋಲ್‌ಕೀಪರನೂ ಸೇರಿ, ಇಪ್ಪತ್ತು ನಿಮಿಷಗಳ ಮೂರು ಅವಧಿ ಸೆಣಸುತ್ತಾರೆ. 1917ರ ನವೆಂಬರಿನಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹುಟ್ಟಿದ ಈ ಲೀಗಿನಲ್ಲಿ 1942ರಿಂದ 1967ರವರೆಗೆ ಇದ್ದುದು ಆರೇ ತಂಡಗಳು. 2018-19ರ ವೇಳೆಗೆ ಅವು 31 ಆಗಿದ್ದವು. ಆಗ ಪ್ರತಿಯೊಂದು ತಂಡವೂ 82 ಪಂದ್ಯಗಳನ್ನು ಆಡಬೇಕಿತ್ತು; ಕೊನೆಗೆ ಉಳಿಯುವ 16 ತಂಡಗಳು ವಸಂತದಲ್ಲಿ ನಾಲ್ಕು ಸುತ್ತುಗಳ ಹೋರಾಟಕ್ಕೆ ಇಳಿಯುತ್ತವೆ. ಪ್ರತಿ ಸುತ್ತಿನಲ್ಲೂ ಏಳರಲ್ಲಿ ನಾಲ್ಕು ಪಂದ್ಯ ಗೆದ್ದವರಿಗೆ ಜಯ. ಹೀಗೆ ಹದಿನಾರು ಜಯಗಳನ್ನು ಗಳಿಸಿದ ತಂಡಕ್ಕೆ ಸ್ಟ್ಯಾನ್ಲಿ ಕಪ್ ಸಲ್ಲುತ್ತದೆ.

ಅಂಕ ಕೊಡುವ ಕ್ರಮದಲ್ಲಿಯೇ ಒಂದು ಮರ್ಮ ಅಡಗಿದೆ. ಗೆದ್ದವರಿಗೆ ಎರಡು ಅಂಕ, ಸೋತವರಿಗೆ ಸೊನ್ನೆ. ಆದರೆ ಅರವತ್ತು ನಿಮಿಷಗಳಲ್ಲಿ ಪಂದ್ಯ ಸಮವಾದರೆ ಎರಡೂ ತಂಡಗಳಿಗೆ ಒಂದೊಂದು ಅಂಕ ಖಚಿತ. ಬಳಿಕ ಐದು ನಿಮಿಷಗಳ ಹೆಚ್ಚುವರಿ ಆಟ. ಅದರಲ್ಲಿ ಗೋಲ್‌ಕೀಪರನನ್ನು ಬಿಟ್ಟು ಪ್ರತಿ ಕಡೆಗೆ ಮೂವರೇ ಆಟಗಾರರು. ಅಲ್ಲಿಯೂ ತೀರ್ಮಾನವಾಗದಿದ್ದರೆ ಒಬ್ಬೊಬ್ಬರಾಗಿ ಬಂದು ಗೋಲಿಗೆ ಹೊಡೆಯುವ ಶೂಟೌಟ್. ಅದರಲ್ಲಿ ಗೆದ್ದವರಿಗೆ ಇನ್ನೊಂದು ಅಂಕ. ವಸಂತದ ಹೋರಾಟದಲ್ಲಾದರೋ ಈ ಸೌಲಭ್ಯವಿಲ್ಲ. ಅಲ್ಲಿ ಪೂರ್ಣ ತಂಡಗಳೇ ಗೋಲು ಬೀಳುವ ತನಕ ಇಪ್ಪತ್ತಿಪ್ಪತ್ತು ನಿಮಿಷ ಆಡುತ್ತಲೇ ಇರಬೇಕು. ಆದ್ದರಿಂದ ಅಂಕಪಟ್ಟಿಯಲ್ಲಿ ಒಂದೇ ಬೆಲೆ ಪಡೆದ ಎರಡು ಜಯಗಳು ಸತ್ವದಲ್ಲಿ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ನಡುಹಾದಿಯಲ್ಲಿ ಲೆಕ್ಕ ಹಾಕುವವರು ಮೊದಲು ಮರೆಯುವುದು ಇದನ್ನೇ.

ಬಫಲೋ ಸೇಬರ್ಸ್ ತಂಡದ ಕಥೆ ಇದಕ್ಕೆ ಸಾಕ್ಷಿ. ವರ್ಷಗಟ್ಟಲೆ ಪಟ್ಟಿಯ ತಳದಲ್ಲಿ ತೊಳಲಿದ್ದ ಈ ತಂಡ 2018ರ ನವೆಂಬರಿನಲ್ಲಿ ಒಂದರ ಮೇಲೊಂದರಂತೆ ಹತ್ತು ಪಂದ್ಯಗಳನ್ನು ಗೆದ್ದಿತು. ನವೆಂಬರ್ 27ರಂದು ಲೀಗಿನ ಅಗ್ರಸ್ಥಾನವೇ ಅದರದಾಯಿತು. ಊರಿಗೆ ಊರೇ ಹಬ್ಬ ಮಾಡಿತು. ಆದರೆ ಆ ಹತ್ತರಲ್ಲಿ ಬಹುಪಾಲು ಜಯಗಳು ಒಂದೇ ಗೋಲಿನ ಅಂತರದವು. ಹಲವು ಹೆಚ್ಚುವರಿ ಅವಧಿಯಲ್ಲಿಯೋ ಶೂಟೌಟಿನಲ್ಲಿಯೋ ದಕ್ಕಿದವು. ಗಾಳಿ ತಿರುಗಿದೊಡನೆ ಅದೇ ಒಂದು ಗೋಲು ಎದುರಾಳಿಯ ಪಾಲಾಗತೊಡಗಿತು. ಋತು ಮುಗಿದಾಗ ಬಫಲೋ ಗಳಿಸಿದ್ದು 76 ಅಂಕ. ಹದಿನಾರರಲ್ಲಿ ಅದಕ್ಕೆ ಎಡೆಯಿರಲಿಲ್ಲ. ತರಬೇತುದಾರ ಫಿಲ್ ಹೌಸ್ಲಿ ಏಪ್ರಿಲ್‌ನಲ್ಲಿ ಕೆಲಸ ಕಳೆದುಕೊಂಡರು. ನವೆಂಬರಿನಲ್ಲಿ ಹೊಗಳಿದ ಲೇಖನಿಗಳೇ ಏಪ್ರಿಲ್‌ನಲ್ಲಿ ತೆಗಳಿದವು. ಗೆದ್ದ ಎತ್ತಿನ ಬಾಲ ಹಿಡಿಯುವ ಜನ ಯಾವ ದೇಶದಲ್ಲಿ ಇಲ್ಲ?

ನ್ಯೂಯಾರ್ಕ್ ಐಲಂಡರ್ಸ್ ತಂಡದ್ದು ಬೇರೆ ಬಗೆ. 2018ರ ಜುಲೈ ಮೊದಲ ದಿನ ಅದರ ನಾಯಕ ಜಾನ್ ಟವಾರೆಸ್ ತಂಡವನ್ನು ತೊರೆದು ಟೊರಾಂಟೊ ಸೇರಿದನು. 2017-18ರಲ್ಲಿ ಲೀಗಿನಲ್ಲಿಯೇ ಅತಿ ಹೆಚ್ಚು ಗೋಲು ಬಿಟ್ಟುಕೊಟ್ಟಿದ್ದ ತಂಡವದು. ಇದ್ದೊಬ್ಬ ತಾರೆಯೂ ಹೋದ ಮೇಲೆ ಅದರ ಮೇಲೆ ಯಾರಿಗೂ ಭರವಸೆ ಉಳಿಯಲಿಲ್ಲ. ಅದರ ಹೊಣೆ ಹೊತ್ತಿದ್ದವರು ಬ್ಯಾರಿ ಟ್ರಾಟ್ಜ್. ಅದೇ ವರ್ಷ ವಾಷಿಂಗ್ಟನ್ ತಂಡಕ್ಕೆ ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟಿದ್ದ ಈ ತರಬೇತುದಾರರು ಹೊಸ ತಂಡದಲ್ಲಿ ರಕ್ಷಣೆಯ ಶಿಸ್ತನ್ನು ರೂಢಿಸಿದರು. ಆಟಗಾರರು ಬಹುಮಟ್ಟಿಗೆ ಹಳಬರೇ. ಹೊಸದಾಗಿ ಬಂದದ್ದು ಕ್ರಮ. ಋತು ಮುಗಿದಾಗ ಲೀಗಿನಲ್ಲಿ ಅತಿ ಕಡಿಮೆ ಗೋಲು ಬಿಟ್ಟುಕೊಟ್ಟ ತಂಡ ಇದೇ ಆಗಿತ್ತು. 103 ಅಂಕ ಗಳಿಸಿ, ಮೊದಲ ಸುತ್ತಿನಲ್ಲಿ ಪಿಟ್ಸ್‌ಬರ್ಗ್ ತಂಡವನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯಗಳಲ್ಲಿ ಸೋಲಿಸಿತು. ಬಫಲೋ ತಂಡದ ಏಳಿಗೆಗೆ ಅದೃಷ್ಟದ ಗಾಳಿ ಕಾರಣ. ಇವರ ಏಳಿಗೆಗೆ ಅಭ್ಯಾಸ ಕಾರಣ. ಅಭ್ಯಾಸದಿಂದ ಬಂದದ್ದು ಮಾಗಿಯ ಚಳಿ ಕಳೆದ ಮೇಲೂ ಬಾಳುತ್ತದೆ.

ಪಟ್ಟಿಯ ನೆತ್ತಿಯಲ್ಲಿ ಆ ಜನವರಿಯಲ್ಲಿ ಮೆರೆಯುತ್ತಿದ್ದುದು ಟ್ಯಾಂಪಾ ಬೇ ಲೈಟ್ನಿಂಗ್. ಈ ತಂಡದ ಬಲವನ್ನು ಅದೃಷ್ಟವೆಂದು ತಳ್ಳಿಹಾಕುವಂತಿರಲಿಲ್ಲ. ಋತುವಿನ ಕೊನೆಗೆ 62 ಜಯಗಳನ್ನು ಗಳಿಸಿ, 1995-96ರಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್ ಸ್ಥಾಪಿಸಿದ್ದ ದಾಖಲೆಯನ್ನು ಅದು ಸರಿಗಟ್ಟಿತು. ತಂಡದ ಅಂಕ 128. ಅದರ ರಷ್ಯನ್ ಆಟಗಾರ ನಿಕಿತಾ ಕುಚೆರೋವ್ ತಾನು ಹೊಡೆದ ಮತ್ತು ಹೊಡೆಸಿದ ಗೋಲುಗಳನ್ನು ಸೇರಿಸಿ ಗಳಿಸಿದ ವೈಯಕ್ತಿಕ ಅಂಕವೂ 128. ಇಂಥ ತಂಡಕ್ಕೆ ಮೊದಲ ಸುತ್ತಿನಲ್ಲಿ ಎದುರಾದದ್ದು ಕೊಲಂಬಸ್ ಬ್ಲೂ ಜಾಕೆಟ್ಸ್. 2000ದಲ್ಲಿ ಲೀಗಿಗೆ ಬಂದು ಅದುವರೆಗೆ ಒಂದೇ ಒಂದು ಸುತ್ತನ್ನೂ ದಾಟದಿದ್ದ ತಂಡ! ಮೊದಲ ಪಂದ್ಯದಲ್ಲಿ ಟ್ಯಾಂಪಾ 3-0 ಮುಂದಿತ್ತು. ಅಲ್ಲಿಂದ ಜಾರಿ 4-3ರಲ್ಲಿ ಸೋತಿತು. ಮುಂದಿನ ಮೂರು ಪಂದ್ಯಗಳಲ್ಲಿಯೂ ಅದಕ್ಕೆ ಚೇತರಿಕೆಯಾಗಲಿಲ್ಲ. ಋತುವಿನ ಅಗ್ರತಂಡವೊಂದು ಮೊದಲ ಸುತ್ತಿನಲ್ಲಿ ಒಂದು ಜಯವೂ ಇಲ್ಲದೆ ಹೊರಬಿದ್ದದ್ದು 1967ರ ನಂತರದ ಇತಿಹಾಸದಲ್ಲಿ ಅದೇ ಮೊದಲು.

ಇನ್ನು ತಳದ ಮಾತು. 2019ರ ಜನವರಿ 3ರ ಬೆಳಗ್ಗೆ 31 ತಂಡಗಳ ಪಟ್ಟಿಯಲ್ಲಿ ಕಟ್ಟಕಡೆಯದು ಸೇಂಟ್ ಲೂಯಿಸ್ ಬ್ಲೂಸ್. 37 ಪಂದ್ಯಗಳಲ್ಲಿ ಗೆದ್ದದ್ದು 15. ಅಂಕ ಕೇವಲ 34. ಮಿಸಿಸಿಪ್ಪಿ ನದಿಯ ದಡದ ಈ ನಗರಕ್ಕೆ ತಂಡ ಬಂದದ್ದು 1967ರಲ್ಲಿ. ಮೊದಲ ಮೂರು ವರ್ಷವೂ ಅಂತಿಮ ಸುತ್ತಿಗೆ ಏರಿ, ಮೂರು ವರ್ಷವೂ ಅಲ್ಲಿ ಒಂದು ಪಂದ್ಯವನ್ನೂ ಗೆಲ್ಲದೆ ಮರಳಿದ ತಂಡವದು. ಅರ್ಧ ಶತಮಾನ ಕಳೆದರೂ ಕಪ್ ಕೈಗೆ ಬಂದಿರಲಿಲ್ಲ. ಈ ಸಲ ಒಳ್ಳೆಯ ಆಟಗಾರರನ್ನು ಹಣ ಸುರಿದು ತಂದಿದ್ದರೂ ಫಲ ಕಾಣಲಿಲ್ಲ. ನವೆಂಬರ್ 19ರಂದು ತರಬೇತುದಾರ ಮೈಕ್ ಯೋ ಅವರನ್ನು ತೆಗೆದು, ಕ್ರೇಗ್ ಬೆರೂಬೆ ಅವರನ್ನು ತಾತ್ಕಾಲಿಕವಾಗಿ ನೇಮಿಸಿದರು. ಡಿಸೆಂಬರಿನ ಒಂದು ಅಭ್ಯಾಸದ ವೇಳೆ ಝ್ಯಾಕ್ ಸ್ಯಾನ್‌ಫರ್ಡ್ ಮತ್ತು ರಾಬರ್ಟ್ ಬೋರ್ಟುಜೊ ಎಂಬ ಸಹ ಆಟಗಾರರೇ ಕೈಕೈ ಮಿಲಾಯಿಸಿದರು. ತಂಡವನ್ನು ಒಡೆದು ಪ್ರಮುಖರನ್ನು ಬಿಟ್ಟುಕೊಡುವುದೇ ಲೇಸೆಂಬ ಮಾತು ಪತ್ರಿಕೆಗಳಲ್ಲಿ ಕೇಳಿಬಂತು. ಅಂಕಪಟ್ಟಿಯನ್ನಷ್ಟೇ ನೋಡಿದವರಿಗೆ ಬೇರೆ ತೀರ್ಪು ಹೊಳೆಯುವಂತೆಯೂ ಇರಲಿಲ್ಲ.

ತರಬೇತುದಾರನನ್ನು ಬದಲಿಸಿದ ಮಾತ್ರಕ್ಕೆ ತಂಡ ಉದ್ಧಾರವಾಯಿತೆಂದು ಹೇಳುವುದೂ ತಪ್ಪಾದೀತು. ಆ ವರ್ಷ ಡಿಸೆಂಬರ್ ಮುಗಿಯುವುದರೊಳಗೆ ಐದು ತಂಡಗಳು ಈ ಮದ್ದನ್ನು ಕುಡಿದಿದ್ದವು: ಲಾಸ್ ಏಂಜಲಿಸ್, ಚಿಕಾಗೊ, ಸೇಂಟ್ ಲೂಯಿಸ್, ಎಡ್ಮಂಟನ್, ಫಿಲಡೆಲ್ಫಿಯ. ಇವುಗಳಲ್ಲಿ ವಸಂತದ ಹದಿನಾರರೊಳಗೆ ಬಂದದ್ದು ಒಂದೇ. ಉಳಿದ ನಾಲ್ಕಕ್ಕೆ ಹೊಸ ಮುಖದಿಂದ ಹೊಸ ಬಲ ಬರಲಿಲ್ಲ. ಚಿಕಾಗೊ ಕಳುಹಿಸಿದ್ದಾದರೋ ಮೂರು ಸಲ ಕಪ್ ಗೆದ್ದುಕೊಟ್ಟಿದ್ದ ತರಬೇತುದಾರರನ್ನು. ಲಾಸ್ ಏಂಜಲಿಸ್ ತಂಡ ಮೊದಲು ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲಿಯೇ, ಪಟ್ಟಿಯ ತಳದಲ್ಲಿಯೇ ಉಳಿಯಿತು.

ಸೇಂಟ್ ಲೂಯಿಸ್ ತಂಡಕ್ಕಿದ್ದ ಕೊರತೆ ಬೇರೊಂದು ಕಡೆಗಿತ್ತು. ತಂಡದ ಆಟ ಡಿಸೆಂಬರಿನಲ್ಲಿಯೇ ಸುಧಾರಿಸತೊಡಗಿತ್ತು. ಆದರೆ ಗೋಲಿನ ಬಾಗಿಲು ಭದ್ರವಾಗಿರಲಿಲ್ಲ. ಜನವರಿ 7ರಂದು ಫಿಲಡೆಲ್ಫಿಯದ ಪಂದ್ಯಕ್ಕೆ ಜೋರ್ಡನ್ ಬಿನ್ನಿಂಗ್‌ಟನ್ ಎಂಬ ಇಪ್ಪತ್ತೈದರ ಯುವಕನನ್ನು ಗೋಲಿನಲ್ಲಿ ನಿಲ್ಲಿಸಿದರು. 2011ರಲ್ಲಿಯೇ ಈ ತಂಡ ಆತನನ್ನು ಆಯ್ದುಕೊಂಡಿತ್ತು. ಆದರೂ ಏಳು ವರ್ಷಗಳ ಉದ್ದಕ್ಕೂ ಕೆಳಗಿನ ಲೀಗುಗಳಲ್ಲಿಯೇ ಆತನ ಆಟ ಸಾಗಿತ್ತು. 2017-18ರಲ್ಲಿ ಆತನನ್ನು ಬಾಸ್ಟನ್ ತಂಡಕ್ಕೆ ಸೇರಿದ ಪ್ರಾವಿಡೆನ್ಸ್ ತಂಡಕ್ಕೆ ಎರವಲು ಕೊಟ್ಟಿದ್ದರು. ಹೀಗೆ ಎರವಲು ಹೋಗಿ ಬಂದವನು ಲೀಗಿನಲ್ಲಿ ತಾನು ಮೊದಲಿನಿಂದ ಕಾದ ಮೊದಲ ಪಂದ್ಯದಲ್ಲಿಯೇ ಒಂದು ಗೋಲನ್ನೂ ಬಿಡದೆ ತಂಡಕ್ಕೆ 3-0 ಜಯ ತಂದನು. ಹಿಂದಿನ ದಿನ ಫಿಲಡೆಲ್ಫಿಯದ ಒಂದು ಪಾನಗೃಹದಲ್ಲಿ ಕೇಳಿದ ‘ಗ್ಲೋರಿಯಾ’ ಎಂಬ ಹಳೆಯ ಹಾಡನ್ನು ಆಟಗಾರರು ತಮ್ಮ ವಿಜಯಗೀತವನ್ನಾಗಿ ಮಾಡಿಕೊಂಡರು. ಆ ಹಾಡನ್ನು ಮತ್ತೆ ಮತ್ತೆ ನುಡಿಸುವ ಯೋಗ ಊರಿನವರಿಗೆ ಕೂಡಿಬಂತು. ಜನವರಿಯ ಕೊನೆಯಿಂದ ಫೆಬ್ರವರಿಯವರೆಗೆ ಸತತ ಹನ್ನೊಂದು ಜಯ. ಉಳಿದ 45 ಪಂದ್ಯಗಳಲ್ಲಿ 30ನ್ನು ಗೆದ್ದ ತಂಡ 99 ಅಂಕಗಳೊಡನೆ ವಸಂತವನ್ನು ಮುಟ್ಟಿತು. ಬಿನ್ನಿಂಗ್‌ಟನ್ ಮೊದಲಿನಿಂದ ಕಾದ 30 ಪಂದ್ಯಗಳಲ್ಲಿ 24 ಜಯಗಳು ಬಂದವು.

ಮುಂದಿನ ದಾರಿಯೂ ಹೂವಿನ ಹಾಸಾಗಿರಲಿಲ್ಲ. ವಿನಿಪೆಗ್ ತಂಡವನ್ನು ಆರು ಪಂದ್ಯಗಳಲ್ಲಿ ದಾಟಿದ ಮೇಲೆ, ಡಲ್ಲಾಸ್ ವಿರುದ್ಧದ ಏಳನೆಯ ಪಂದ್ಯ ಎರಡನೆಯ ಹೆಚ್ಚುವರಿ ಅವಧಿಗೆ ಹೋಯಿತು. ಅದನ್ನು ತೀರ್ಮಾನಿಸಿದ ಗೋಲು ಸೇಂಟ್ ಲೂಯಿಸಿನ ಮಣ್ಣಿನಲ್ಲಿಯೇ ಹುಟ್ಟಿದ ಪ್ಯಾಟ್ ಮರೂನನದು. ಸ್ಯಾನ್ ಹೋಸೆ ವಿರುದ್ಧದ ಮೂರನೆಯ ಪಂದ್ಯದಲ್ಲಿ ಎದುರಾಳಿ ಕೈಯಿಂದ ಬಿಲ್ಲೆಯನ್ನು ಸಾಗಿಸಿದ್ದು ತೀರ್ಪುಗಾರರ ಕಣ್ಣಿಗೆ ಬೀಳದೆ, ಅದರಿಂದ ಬಂದ ಗೋಲಿನಲ್ಲಿ ಪಂದ್ಯವೇ ಕೈಬಿಟ್ಟಿತು. ತಂಡ ಗೋಳಾಡುತ್ತ ಕೂರದೆ ಮುಂದಿನ ಮೂರನ್ನೂ ಗೆದ್ದಿತು. ಅಂತಿಮ ಸುತ್ತಿನಲ್ಲಿ ಬಾಸ್ಟನ್. 1970ರಲ್ಲಿ ಈ ತಂಡವನ್ನು ಬರಿಗೈಯಲ್ಲಿ ಕಳುಹಿಸಿದ್ದ ಅದೇ ಬಾಸ್ಟನ್. ಜೂನ್ 12ರಂದು ಏಳನೆಯ ಪಂದ್ಯದ ಮೊದಲ ಅವಧಿಯಲ್ಲಿ ಬಾಸ್ಟನ್ ಗೋಲಿನತ್ತ ಹನ್ನೆರಡು ಸಲ ಹೊಡೆಯಿತು. ಬಿನ್ನಿಂಗ್‌ಟನ್ ಹನ್ನೆರಡನ್ನೂ ತಡೆದನು. ಅತ್ತ ನಾಲ್ಕೇ ಸಲ ಹೊಡೆದ ಸೇಂಟ್ ಲೂಯಿಸ್‌ಗೆ ಎರಡು ಗೋಲು ದಕ್ಕಿದವು. ಕೊನೆಗೆ 4-1. ನಾಲ್ಕನೆಯ ಗೋಲು ಹೊಡೆದವನು ಡಿಸೆಂಬರಿನಲ್ಲಿ ತನ್ನವನೊಡನೆಯೇ ಗುದ್ದಾಡಿದ್ದ ಸ್ಯಾನ್‌ಫರ್ಡ್! ಐವತ್ತೆರಡು ವರ್ಷಗಳ ಕಾಯುವಿಕೆ ಅಂದು ಮುಗಿಯಿತು.

ಇಷ್ಟನ್ನು ಕೇಳಿದವರು ನಡುಹಾದಿಯ ಲೆಕ್ಕವೇ ನಿರರ್ಥಕವೆಂದು ಭಾವಿಸುವುದು ಸಹಜ. ಅದು ಸರಿಯಲ್ಲ. ಜನವರಿಯಲ್ಲಿ ತಳದಲ್ಲಿರುವ ತಂಡಗಳು ಏಪ್ರಿಲ್‌ನಲ್ಲಿಯೂ ಸಾಮಾನ್ಯವಾಗಿ ತಳದಲ್ಲಿಯೇ ಇರುತ್ತವೆ. ಸಮವಾದ ಪಂದ್ಯದಲ್ಲಿ ಸೋತವರಿಗೂ ಒಂದು ಅಂಕ ಸಿಗುವ ಕ್ರಮದಲ್ಲಿ ಹಿಂದೆ ಬಿದ್ದವರು ಮುಂದಿನವರನ್ನು ಹಿಡಿಯುವುದು ಬಹು ಕಷ್ಟ. ಅದೇ ಋತುವಿನಲ್ಲಿ ಒಟ್ಟಾವ ಸೆನೆಟರ್ಸ್ ತಂಡ 64 ಅಂಕಗಳೊಡನೆ ಕಟ್ಟಕಡೆಗೇ ನಿಂತಿತು. ಅದನ್ನು ಎತ್ತಲು ಯಾವ ಬಿನ್ನಿಂಗ್‌ಟನ್ನನೂ ಬರಲಿಲ್ಲ. ಬೆಳೆಯುವ ಪೈರನ್ನು ಮೊಳಕೆಯಲ್ಲಿ ನೋಡು ಎಂಬ ಗಾದೆ ಸುಳ್ಳಲ್ಲ. ಆದರೆ ನೋಡುವವನು ಮೊಳಕೆಯ ಎತ್ತರವನ್ನು ಮಾತ್ರ ಅಳೆದರೆ ಸಾಲದು, ಬೇರನ್ನೂ ಕೆದಕಿ ನೋಡಬೇಕು. ಜಯಗಳು ಅರವತ್ತು ನಿಮಿಷಗಳೊಳಗೆ ಬಂದವೋ, ಹೊರಗೆ ಬಂದವೋ? ಸೋಲಿಗೆ ಇಡೀ ತಂಡದ ಆಟ ಕಾರಣವೋ, ಒಂದೇ ಸ್ಥಾನದ ದೌರ್ಬಲ್ಯ ಕಾರಣವೋ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದ ವಿಮರ್ಶೆಗೆ ಬೆಲೆಯುಂಟು. ಅಂಕಗಳನ್ನು ಓದಿ ಹೇಳುವುದಕ್ಕೆ ವಿಮರ್ಶಕನೇ ಬೇಕಿಲ್ಲ.

ಅವಮಾನಕ್ಕೊಳಗಾದ ಟ್ಯಾಂಪಾ ತಂಡದ ಆಡಳಿತ ಮುಂದೆ ನಡೆದುಕೊಂಡ ರೀತಿಯೂ ಗಮನಾರ್ಹ. ಬಫಲೋ ತರಬೇತುದಾರನನ್ನು ಕಳುಹಿಸಿದ ಅದೇ ಏಪ್ರಿಲ್‌ನಲ್ಲಿ ಟ್ಯಾಂಪಾದವರು ತಮ್ಮ ತರಬೇತುದಾರ ಜಾನ್ ಕೂಪರ್ ಅವರನ್ನು ಉಳಿಸಿಕೊಂಡರು. ನಾಲ್ಕು ಪಂದ್ಯಗಳ ಸೋಲನ್ನು 62 ಜಯಗಳ ಪಕ್ಕದಲ್ಲಿಟ್ಟು ತೂಗಿ, ತಂಡದ ತಿರುಳನ್ನು ಕೆಡಿಸದೆ ಕೊರತೆಯನ್ನಷ್ಟೇ ತುಂಬಿಕೊಂಡರು. 2020ರಲ್ಲಿ ಕಪ್ ಅವರದಾಯಿತು, 2021ರಲ್ಲಿ ಮತ್ತೊಮ್ಮೆ. ಅತ್ತ ಸೇಂಟ್ ಲೂಯಿಸ್ ತಂಡ, 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದಿಂದ ಪಂದ್ಯಗಳು ನಿಂತಾಗ ಪಶ್ಚಿಮ ವಿಭಾಗದ ಅಗ್ರಸ್ಥಾನದಲ್ಲಿದ್ದರೂ, ಆಗಸ್ಟಿನಲ್ಲಿ ಆಟ ಮರಳಿದೊಡನೆ ಮೊದಲ ಸುತ್ತಿನಲ್ಲಿಯೇ ವ್ಯಾಂಕೂವರಿಗೆ ಶರಣಾಯಿತು.

ಒಂದು ತಂಡಕ್ಕೆ ಬದಲಾವಣೆ ಫಲಿಸಿತು, ಇನ್ನೊಂದಕ್ಕೆ ತಾಳ್ಮೆ ಫಲಿಸಿತು. ಯಾವ ತಂಡಕ್ಕೆ ಯಾವುದು ಬೇಕೆಂಬುದನ್ನು ಅಂಕಪಟ್ಟಿ ಹೇಳುವುದಿಲ್ಲ. ಪ್ರತಿ ಜನವರಿಯಲ್ಲಿಯೂ ಪಟ್ಟಿ ಹೊರಬೀಳುತ್ತದೆ, ಪ್ರತಿ ಜನವರಿಯಲ್ಲಿಯೂ ಯಾರೋ ಒಬ್ಬ ತರಬೇತುದಾರನ, ಯಾರೋ ಒಬ್ಬ ಆಟಗಾರನ ಜೀವನೋಪಾಯ ಅದರ ಮೇಲೆ ತೂಗಾಡುತ್ತದೆ. ಕೆಳಗಿನ ಲೀಗಿನ ಯಾವುದೋ ಮೂಲೆಯಲ್ಲಿ ಕಾಯುತ್ತಿರುವ ಗೋಲ್‌ಕೀಪರನ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ತೀರ್ಪು ಬರೆಯುವವರು ಅವನನ್ನೂ ಒಮ್ಮೆ ನೆನೆದು ಲೇಖನಿ ಎತ್ತುವುದು ಒಳ್ಳೆಯದು.